ಅಡಿಕೆ ಅಂಗಳದ ಮಡಚುವ ಚಪ್ಪರಕ್ಕೆ ತಿರುಗುಕೀಲು: ಅಳತೆ, ಜೋಡಣೆ, ಎಡವುವ ಜಾಗಗಳು

ಮಲೆನಾಡಿನ ಅಡಿಕೆ ಅಂಗಳಕ್ಕೆ ಬೇಕಾದ ಚಪ್ಪರದ ಬೇಡಿಕೆ ಸ್ವಲ್ಪ ವಿಚಿತ್ರ. ಹಗಲು ಬಿಸಿಲಿಗೆ ಅಡ್ಡ ಬರಬಾರದು, ಸಂಜೆ ಇಬ್ಬನಿ ಇಳಿಯುವ ಹೊತ್ತಿಗೆ ತಲೆಯ ಮೇಲಿರಬೇಕು. ಕೊಯ್ಲಿನ ನಡುವೆ ಮೋಡ ಕವಿದರೆ ಬೇಯಿಸಿ ಹರಡಿದ ಅಡಿಕೆಯ ಮೇಲೆ ಐದು ನಿಮಿಷದಲ್ಲಿ ಬಂದು ನಿಲ್ಲಬೇಕು. ಕೊಯ್ಲು ಮುಗಿದ ಮೇಲೆ ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಸೇರಿಸುವಂತಿರಬೇಕು. ಇಷ್ಟನ್ನೂ ಒಟ್ಟಿಗೆ ಮಾಡಬಲ್ಲದ್ದು ಕತ್ತರಿ ಜೋಡಣೆಯ ಚೌಕಟ್ಟು: ಸಾಲಾಗಿ ನಿಂತ ಕಂಬಗಳ ನಡುವೆ ಗುಣಾಕಾರದ ಚಿಹ್ನೆಯಂತೆ ಎರಡೆರಡು ಕೈಗಳು, ಪ್ರತಿ ಸಂಧಿಯಲ್ಲೂ ತಿರುಗುಕೀಲು. ದೂಡಿದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುತ್ತದೆ.

ಇಂಥ ಚಪ್ಪರ ಕೆಡುವುದು ಹೆಚ್ಚಾಗಿ ಕೀಲಿನಲ್ಲೇ. ಕೀಲು ಕೆಟ್ಟಿತೆಂದರೆ ಬಹಳ ಜನ ದಪ್ಪ ಬೋಲ್ಟು ಹುಡುಕುತ್ತಾರೆ. ಆದರೆ ಸವೆಯುವುದು ಬೋಲ್ಟಲ್ಲ, ಅದು ಕೂತ ತೂತು. ಅಡಕತ್ತರಿಯನ್ನೇ ನೋಡಿ. ಕೀಲು ಸಡಿಲಾದ ಅಡಕತ್ತರಿಯಲ್ಲಿ ಅಲಗು ಎಷ್ಟು ಹರಿತವಿದ್ದರೂ ಅಡಿಕೆ ಪಕ್ಕಕ್ಕೆ ಜಾರುತ್ತದೆ. ಅಲ್ಲೂ ಮೊಳೆ ಗಟ್ಟಿಯಾಗಿಯೇ ಇರುತ್ತದೆ, ಅದರ ಸುತ್ತಲಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಇಲ್ಲಿ ಕೊಡುವ ಅಳತೆಗಳು 9 ಮೀಟರ್ ಉದ್ದ, 5 ಮೀಟರ್ ಅಗಲದ ಅಂಗಳಕ್ಕೆ. ಒಂದೂವರೆ ಮೀಟರಿನ 6 ಅಂಕಣ, 7 ಚೌಕಟ್ಟು, 14 ಕಂಬ. ಅಂಗಳ ಉದ್ದವಿದ್ದರೆ ಅದೇ ಅಳತೆಯ ಅಂಕಣಗಳನ್ನು ಸೇರಿಸಿಕೊಂಡು ಹೋದರಾಯಿತು, ಕೀಲಿನ ಅಳತೆ ಬದಲಾಗುವುದಿಲ್ಲ.

ಮೊದಲು ಲೆಕ್ಕ, ಆಮೇಲೆ ಪೈಪು

ಕತ್ತರಿಯ ಕೈಗೆ 25×25 ಮಿ.ಮೀ., 1.6 ಮಿ.ಮೀ. ದಪ್ಪದ ಚೌಕ ಪೈಪು ಸಾಕು. ತುದಿಯ ತೂತಿನ ನಡುವಿನಿಂದ ಇನ್ನೊಂದು ತುದಿಯ ತೂತಿನ ನಡುವಿಗೆ 1800 ಮಿ.ಮೀ. ತೂತಿನಾಚೆ ಎರಡೂ ಕಡೆ 25 ಮಿ.ಮೀ. ಬಿಡಿ. ಒಟ್ಟು 1850. 6 ಮೀಟರ್ ಪೈಪಿನಲ್ಲಿ ಮೂರು ಕೈ ಬರುತ್ತವೆ. ಎರಡೂ ಬದಿ ಸೇರಿ 24 ಕೈ, ಅಂದರೆ 8 ಪೈಪು.

ಪ್ರತಿ ಕಂಬದಲ್ಲಿ ಕೆಳಗಿನ ಕೀಲು ನೆಲದಿಂದ 200 ಮಿ.ಮೀ. ಎತ್ತರದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಮೇಲಿನದು ಕಂಬದ ಮೇಲೆ ಜಾರುವ ಸ್ಲೈಡರಿನಲ್ಲಿ ಕೂರುತ್ತದೆ. ಚಪ್ಪರ ಪೂರ್ತಿ ಬಿಚ್ಚಿಕೊಂಡಾಗ ಕಂಬಗಳ ಅಂತರ 1500, ಎರಡು ಕೀಲುಗಳ ನಡುವಿನ ಎತ್ತರ 995 ಮಿ.ಮೀ. ಮಡಚಿ ಕಂಬಗಳನ್ನು 120 ಮಿ.ಮೀ.ಗೆ ತಂದಾಗ ಆ ಎತ್ತರ 1796ಕ್ಕೆ ಏರುತ್ತದೆ. ಸ್ಲೈಡರ್ ಓಡಾಡಲು 800 ಮಿ.ಮೀ. ಖಾಲಿ ಜಾಗ ಬೇಕು, ಆ ಭಾಗದಲ್ಲಿ ಕಂಬಕ್ಕೆ ಯಾವ ವೆಲ್ಡಿಂಗ್ ಗುಳ್ಳೆಯೂ, ಕೊಕ್ಕೆಯೂ ಇರಕೂಡದು. ಕಂಬದ ಎತ್ತರ 2100 ಇಟ್ಟುಕೊಳ್ಳಿ, 40×40×2 ಮಿ.ಮೀ. ಪೈಪು. 120 ಮಿ.ಮೀ.ಗಿಂತ ಹತ್ತಿರ ತರಲು ಬಿಡದಿರುವುದು ಕೀಲಲ್ಲ, ಕಂಬದ ಬುಡದಲ್ಲಿರುವ 100 ಮಿ.ಮೀ. ಚಕ್ರ. ಏಳು ಚೌಕಟ್ಟೂ ಮಡಚಿ ಮೇಲ್ಹೊದಿಕೆಯ ಹಾಳೆಯ ಮಡಿಕೆಯೂ ಸೇರಿ ಅಂಗಳದ ಒಂದು ತುದಿಯಲ್ಲಿ ಸುಮಾರು ಒಂದು ಮೀಟರ್ ಜಾಗ ಹೋಗುತ್ತದೆ.

ನಡುವಿನ ತೂತು ಸರಿಯಾಗಿ 900ರಲ್ಲೇ ಬೀಳಬೇಕು. ಶಾಲೆಯ ರೇಖಾಗಣಿತ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: ಸಮ ಉದ್ದದ ಎರಡು ಕರ್ಣಗಳು ಒಂದನ್ನೊಂದು ನಟ್ಟನಡುವೆ ಕತ್ತರಿಸಿದರೆ ಅದು ಆಯತ. ಒಂಟಿ ಚಕ್ರದ ಮೇಲೆ ನಿಂತ ಕಂಬ ಆಚೀಚೆ ವಾಲದೆ ನೆಟ್ಟಗಿರುವುದು ಈ ಒಂದು ಗುಣದಿಂದ. ಎರಡೂ ಕೈಗಳ ತೂತು ಮೇಲ್ತುದಿಯ ಕಡೆಗೆ ಬರೀ 1 ಮಿ.ಮೀ. ಸರಿದಿದೆ ಎಂದುಕೊಳ್ಳಿ. ಆಯತ ಹೋಗಿ ತಳ ಅಗಲವಾದ ಆಕೃತಿಯಾಗುತ್ತದೆ, ಅಂಕಣವೊಂದಕ್ಕೆ ಮೇಲೆ ಕೆಳಗೆ 3.3 ಮಿ.ಮೀ. ವ್ಯತ್ಯಾಸ. ಆರು ಅಂಕಣ ದಾಟುವಾಗ ಅದು 20 ಮಿ.ಮೀ., ಅದೂ ಒಂದು ಮೀಟರ್ ಎತ್ತರಕ್ಕೆ. ಕಂಬದ ತಲೆಯಲ್ಲಿ ನೋಡಿದರೆ ಮೊದಲ ಕಂಬವೂ ಕೊನೆಯದೂ ಒಂದಕ್ಕೊಂದು ತಲೆ ಬಾಗಿಸಿ ನಮಸ್ಕಾರ ಮಾಡುವ ಹಾಗೆ ಕಾಣುತ್ತವೆ.

ಆದ್ದರಿಂದ ಟೇಪು ಹಿಡಿದು ಒಂದೊಂದೇ ಕೈಗೆ ಗುರುತು ಹಾಕಬೇಡಿ, ಜಿಗ್ ಮಾಡಿಕೊಳ್ಳಿ. 2 ಮೀಟರ್ ಉದ್ದದ 50×50 ಆಂಗಲ್, ಅದರಲ್ಲಿ 0, 900, 1800ರಲ್ಲಿ ಮೂರು ಗೂಟ. ಮೊದಲ ಕೈ ಕೊರೆದ ಮೇಲೆ ಗೂಟಗಳಿಗೆ ಸಿಕ್ಕಿಸಿ ನೋಡಿ, ತೆಗೆದು ತುದಿ ಅದಲುಬದಲು ಮಾಡಿ ಮತ್ತೆ ಸಿಕ್ಕಿಸಿ. ಎರಡೂ ಸಲ ಸಲೀಸಾಗಿ ಕೂತರೆ ನಡು ನಡುವೆಯೇ ಇದೆ. ತಿರುಗಿಸಿದಾಗ ಕೂರದಿದ್ದರೆ ಜಿಗ್ಗೇ ತಪ್ಪು, ಆ ಒಂದು ಪೈಪಿನಲ್ಲೇ ಗೊತ್ತಾಗಿಬಿಡುತ್ತದೆ.

ತೂತು ಯಾವ ಮೈಯಲ್ಲಿ?

ಕೈ ಬಾಗುವುದು ಮೇಲಿಂದ ಕೆಳಕ್ಕೆ, ಬಾಗುವ ಒತ್ತಡ ಹೆಚ್ಚಿರುವುದು ನಡುವಿನ ಕೀಲಿನಲ್ಲಿ. ಅಲ್ಲೇ ನಾವು ತೂತನ್ನೂ ಕೊರೆಯುತ್ತೇವೆ! ತೂತು ಪಕ್ಕದ ಮೈಗಳಲ್ಲಿ, ನಟ್ಟನಡುವೆ ಬಿದ್ದರೆ ಚಿಂತೆಯಿಲ್ಲ. 16 ಮಿ.ಮೀ. ತೂತು ಈ ಪೈಪಿನ ಬಾಗುವಿಕೆ ತಡೆಯುವ ಶಕ್ತಿಯಲ್ಲಿ ಶೇ. 8ರಷ್ಟನ್ನು ಮಾತ್ರ ತಿನ್ನುತ್ತದೆ. ಅದೇ ತೂತು ಮೇಲ್ಮೈ ಮತ್ತು ಕೆಳಮೈಯಲ್ಲಿ ಬಿದ್ದರೆ ಅರ್ಧ ಶಕ್ತಿ ಹೋಯಿತು. ಸ್ಲೈಡರಿನ ಲಾಕಿಗೆಂದೋ ಹಾಳೆ ಕಟ್ಟಲೆಂದೋ ಆಮೇಲೆ ಕೈಯ ಮೇಲ್ಮೈಗೆ ಡ್ರಿಲ್ ಇಡುವವರಿದ್ದಾರೆ. ಅದಕ್ಕೆ ಕ್ಲಾಂಪು ಹಾಕಿ, ತೂತು ಬೇಡ.

ಇನ್ನು ತೂತಿನ ಅಂಚು. 1.6 ಮಿ.ಮೀ. ದಪ್ಪದ ಎರಡು ಗೋಡೆಗಳ ಮೇಲೆ 10 ಮಿ.ಮೀ. ಬೋಲ್ಟು ಕೂತರೆ ಒತ್ತಡ ಹೊರುವ ಜಾಗ ಒಟ್ಟು 32 ಚದರ ಮಿ.ಮೀ. ದಿನಕ್ಕೆ ಎರಡು ಸಲ ತಿರುಗುವ ಕೀಲಿಗೆ ಇದು ಚಾಕುವಿನ ಅಲಗಿದ್ದಂತೆ, ಕೊಯ್ಲು ಮುಗಿಯುವುದರೊಳಗೆ ತೂತು ಉದ್ದವಾಗುತ್ತದೆ. ಜತೆಗೆ ನಟ್ಟು ಬಿಗಿದಷ್ಟೂ ಪೈಪಿನ ಗೋಡೆ ಒಳಕ್ಕೆ ಚಪ್ಪಟೆಯಾಗುತ್ತದೆ. ಎರಡಕ್ಕೂ ಮದ್ದು ಒಂದೇ: ಪೈಪಿನ ಈ ಮೈಯಿಂದ ಆ ಮೈಗೆ ಹಾಯುವ ಸ್ಲೀವ್. ಹೊರಗೆ 16, ಒಳಗೆ 12, ಉದ್ದ 27 ಮಿ.ಮೀ. ಕೊಳವೆ, ಎರಡೂ ಕಡೆ 1 ಮಿ.ಮೀ. ಹೊರಗೆ ಕಾಣುವಂತೆ. ಒತ್ತಡ ಹೊರುವ ಜಾಗ ಎಂಟು ಪಟ್ಟು ಹೆಚ್ಚುತ್ತದೆ. ಒಂದು ಕೈಗೆ ಮೂರರಂತೆ 72 ಸ್ಲೀವ್ ಬೇಕು.

ಸ್ಲೀವ್ ವೆಲ್ಡ್ ಮಾಡುವಾಗ ಕೈಯನ್ನು ಜಿಗ್ಗಿನಲ್ಲೇ ಇಡಿ, ಸ್ಲೀವಿನೊಳಗೆ 12 ಮಿ.ಮೀ. ಸರಳು ತೂರಿಸಿಡಿ. ಒಂದು ಬದಿಗೆ ಪೂರ್ತಿ ಸುತ್ತು ಹಾಕಬೇಡಿ. ಎದುರುಬದುರು ನಾಲ್ಕು ಚುಕ್ಕಿ, ಪೈಪು ಮಗುಚಿ ಆ ಕಡೆಯೂ ನಾಲ್ಕು, ತಣ್ಣಗಾಗಲು ಬಿಟ್ಟು ಆಮೇಲೆ ಉಳಿದದ್ದು. ಒಂದೇ ಕಡೆ ಕಾಯಿಸಿದರೆ ತೆಳು ಪೈಪು ಬಿಲ್ಲಿನಂತೆ ಎಳೆದುಕೊಳ್ಳುತ್ತದೆ, 1800ರ ಅಳತೆಯೂ ಹೋಗುತ್ತದೆ. ಕಡೆಗೆ ಒಳಗೆ 12 ಮಿ.ಮೀ. ರೀಮರ್ (ತೂತನ್ನು ಅಳತೆಗೆ ನುಣುಪು ಮಾಡುವ ಸಲಕರಣೆ) ಹಾಯಿಸಿ, ಕೊಳವೆಯ ಹೊಲಿಗೆ ಗೆರೆಯೂ ವೆಲ್ಡಿಂಗಿನ ಉಬ್ಬೂ ಹೋಗಲಿ. ಜಿ.ಐ. (ಸತು ಲೇಪಿಸಿದ) ಪೈಪು ಬಳಸುತ್ತಿದ್ದರೆ ವೆಲ್ಡ್ ಆಗುವ ಜಾಗದ ಸುತ್ತ 20 ಮಿ.ಮೀ. ಸತುವನ್ನು ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಿ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಬುಷ್: ನೈಲಾನ್ ಯಾಕೆ ಬೇಡ

ಸ್ಲೀವಿನೊಳಗೆ ಪಿನ್ನು ನೇರವಾಗಿ ತಿರುಗಬಾರದು. ಕಬ್ಬಿಣದ ಮೇಲೆ ಕಬ್ಬಿಣ ತಿರುಗಬೇಕಾದರೆ ಗ್ರೀಸ್ ಬೇಕು, ಗ್ರೀಸ್ ಧೂಳು ಹಿಡಿದು ಅರದಂತೆ ಕೆರೆಯುತ್ತದೆ, ಕೆಳಗೆ ಹರಡಿದ ಅಡಿಕೆಗೂ ತೊಟ್ಟಿಕ್ಕುತ್ತದೆ. ತುಕ್ಕುನೀರಂತೂ ಇನ್ನೂ ಕೆಟ್ಟದ್ದು. ಅಡಿಕೆಯ ಚೊಗರಿಗೆ ಕಬ್ಬಿಣ ಸೋಕಿದರೆ ಕಪ್ಪು ಕಲೆ ಕೂರುತ್ತದೆ, ತೊಳೆದರೂ ಹೋಗುವುದಿಲ್ಲ. ಆದ್ದರಿಂದ ಎಣ್ಣೆ ಬೇಡದ ಪ್ಲಾಸ್ಟಿಕ್ ಬುಷ್, ಅಂದರೆ ಸ್ಲೀವಿಗೂ ಪಿನ್ನಿಗೂ ನಡುವೆ ಕೂರುವ ಬಳೆ.

ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಬರುವುದು ನೈಲಾನ್. ಬಯಲುಸೀಮೆಯಲ್ಲಾದರೆ ನಡೆದೀತು. ಸಾಮಾನ್ಯ ನೈಲಾನ್ ಪೂರ್ತಿ ನೆನೆದರೆ ತನ್ನ ತೂಕದ ಶೇ. 9ರಷ್ಟು ನೀರು ಕುಡಿದು ಉಬ್ಬುತ್ತದೆ. ಆಗುಂಬೆಯಂಥ ಕಡೆ, ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವಲ್ಲಿ, ಅಟ್ಟದ ಮೇಲಿಟ್ಟರೂ ತೇವ ತಪ್ಪುವುದಿಲ್ಲ. ಬುಷ್ಷಿನ ಹೊರಗೆ ಕಬ್ಬಿಣದ ಸ್ಲೀವ್ ಇರುವುದರಿಂದ ಉಬ್ಬಿದ್ದೆಲ್ಲ ಒಳಕ್ಕೇ ಬರಬೇಕು. 12 ಮಿ.ಮೀ.ಗೆ ಶೇ. 2 ಉಬ್ಬಿದರೂ 0.24 ಮಿ.ಮೀ. ಆಯಿತು. ಬಿಟ್ಟ ಸಡಿಲ 0.2 ಮಾತ್ರ. ಪಿನ್ನು ಸಿಕ್ಕಿಕೊಂಡಿತು. ಮಳೆಗಾಲ ಮುಗಿದು ಚಪ್ಪರ ತೆಗೆದಾಗ ‘ಕೀಲು ತುಕ್ಕು ಹಿಡಿದಿದೆ’ ಎಂದು ಸುತ್ತಿಗೆಯಲ್ಲಿ ಬಡಿಯುವುದು ಬಹಳ ಸಲ ಇದಕ್ಕೇ.

ಅಸಿಟಾಲ್ ಸರಳು ತನ್ನಿ, ಲೇತ್ ಕೆಲಸದವರಿಗೆ ಡೆಲ್ರಿನ್ ಎಂದರೆ ಬೇಗ ಅರ್ಥವಾಗುತ್ತದೆ. ಅದು ನೀರು ಕುಡಿಯುವುದು ತೀರಾ ಕಡಿಮೆ. ಹೊರಗೆ 12, ಒಳಗೆ 10.2, ಉದ್ದ 13 ಮಿ.ಮೀ., ತುದಿಯಲ್ಲಿ 18 ಮಿ.ಮೀ. ವ್ಯಾಸದ, 1 ಮಿ.ಮೀ. ದಪ್ಪದ ಕಾಲರ್. ಪ್ರತಿ ಸ್ಲೀವಿಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಒಟ್ಟು 144. ಸಂಖ್ಯೆ ದೊಡ್ಡದೆನಿಸಿದರೂ ಒಂದೇ ಅಳತೆಯವಾದ್ದರಿಂದ ಶಿವಮೊಗ್ಗದ ಯಾವ ಲೇತ್ ಅಂಗಡಿಯಲ್ಲೂ ಒಟ್ಟಿಗೆ ಮಾಡಿಸಬಹುದು. ಹತ್ತು ಹೆಚ್ಚಿಗೆ ಮಾಡಿಸಿ. ಕಾಲರ್ ಬಿಡಬೇಡಿ, ಎರಡು ಕೈಗಳು ಒಂದಕ್ಕೊಂದು ಉಜ್ಜದಂತೆ ನಡುವೆ ನಿಲ್ಲುವುದು ಅದೇ. ವೆಲ್ಡಿಂಗ್, ಬಣ್ಣ ಎಲ್ಲ ಮುಗಿದ ಮೇಲೆಯೇ ಬುಷ್ ಒತ್ತಿ ಕೂರಿಸಿ.

ಮೂರು ಬಗೆಯ ಕೀಲು

ನಡುವಿನ ಕೀಲು ಸುಲಭ. ಇಂಥವು 12. ಎರಡು ಕೈ, ನಾಲ್ಕು ಕಾಲರ್ ಸೇರಿ ದಪ್ಪ 58 ಮಿ.ಮೀ. ಇದಕ್ಕೆ 75 ಮಿ.ಮೀ. ಬೋಲ್ಟು ಸಾಕು ಎಂದು ಕಾಣುತ್ತದೆ, ಸಾಲದು. ಎಂ10 (10 ಮಿ.ಮೀ. ದಪ್ಪದ) ಬೋಲ್ಟಿನಲ್ಲಿ ಮರೆ (ನಟ್ಟು ತಿರುಗುವ ಎಳೆ) ಇರುವುದು ತುದಿಯ 26 ಮಿ.ಮೀ. 75ರಲ್ಲಿ ನುಣುಪು ಭಾಗ 49 ಮಾತ್ರ ಉಳಿಯಿತು, ಎರಡನೆಯ ಬುಷ್ಷಿನೊಳಗೆ ಮರೆ ತಿರುಗಿ ಬುಷ್ಷನ್ನು ಅರೆಯುತ್ತದೆ. 90 ಮಿ.ಮೀ. ಬೋಲ್ಟು ತನ್ನಿ, 8.8 ದರ್ಜೆಯದು. ನುಣುಪು ಭಾಗ 64 ಸಿಗುತ್ತದೆ. ತಲೆಯ ಕಡೆ ಒಂದು ವಾಷರ್, ನಟ್ಟಿನ ಕಡೆ ಮೂರು, ಆಮೇಲೆ ನೈಲಾಕ್ ನಟ್ (ತಾನಾಗಿ ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು). ಅಂಗಡಿಯಲ್ಲೇ ಸ್ಕೇಲು ಹಿಡಿದು ನೋಡಿ. ತುದಿಯವರೆಗೂ ಮರೆ ಇರುವ ಬೋಲ್ಟು ಕೊಟ್ಟರೆ ವಾಪಸು ಕೊಡಿ. ನಟ್ಟನ್ನು ವಾಷರ್ ಮುಟ್ಟುವವರೆಗೆ ಬಿಗಿದು ಆರರಲ್ಲೊಂದು ಸುತ್ತು ಹಿಂದಕ್ಕೆ ಬಿಡಿ, ಕಾಲು ಮಿಲಿಮೀಟರ್ ಸಡಿಲ ಸಿಗುತ್ತದೆ. ನೈಲಾಕ್ ನಟ್ ನಾಲ್ಕೈದು ಸಲ ಬಿಚ್ಚಿದರೆ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಈ ಕೀಲನ್ನು ಬಿಚ್ಚಲೇಬೇಡಿ. ಎರಡು ಕೈ ಸೇರಿದ ಕತ್ತರಿಯೇ ಅಟ್ಟಕ್ಕೆ ಹೋಗುವ ಒಂದು ಬಿಡಿಭಾಗ.

ಕಂಬದ ಕೀಲುಗಳು ಪ್ರತಿ ಕೊಯ್ಲಿಗೂ ಬಿಚ್ಚುವಂಥವು, ಕೆಳಗೆ 14, ಸ್ಲೈಡರಿನಲ್ಲಿ 14. ಒಂದೇ ಪಿನ್ನಿನ ಮೇಲೆ ಎಡ ಅಂಕಣದ ಒಂದು ಕೈ, ಬಲ ಅಂಕಣದ ಒಂದು ಕೈ ಬರುತ್ತವೆ. ಒಂದು ದಿಕ್ಕಿಗೆ ವಾಲಿದ ಕೈಗಳೆಲ್ಲ ಒಳಪದರದಲ್ಲಿ, ಎದುರು ದಿಕ್ಕಿನವೆಲ್ಲ ಹೊರಪದರದಲ್ಲಿ ಇರಲಿ. ಒಂದೇ ಒಂದು ಅಂಕಣದಲ್ಲಿ ಇದು ತಿರುಗಾಮುರುಗಾ ಆದರೂ ಪಿನ್ನಿಗೆ ಜಾಗವಾಗುವುದಿಲ್ಲ.

ಇಲ್ಲಿ ಪಿನ್ನು ಕಂಬದಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ, ಬಟ್ಟೆ ನೇತುಹಾಕುವ ಗೂಟದ ಹಾಗೆ. ಎರಡೂ ಕೈಗಳಿಂದ ತಲಾ 50 ಕಿಲೊ ಭಾರ ಬಿದ್ದರೆ ಬುಡದಲ್ಲಿ ಬಾಗುವ ಒತ್ತಡ ಪ್ರತಿ ಚದರ ಮಿ.ಮೀ.ಗೆ 300 ನ್ಯೂಟನ್ ಮುಟ್ಟುತ್ತದೆ. 250ಕ್ಕೇ ಸೋಲುವ ಸಾದಾ ಎಂ.ಎಸ್. (ಮೆದು ಉಕ್ಕಿನ) ಸರಳು ಅಲ್ಲಿ ಬಾಗಿಯೇ ಬಾಗುತ್ತದೆ. ಪಿನ್ನನ್ನು ದಪ್ಪ ಮಾಡುವ ಬದಲು ಅದರ ಹೊರತುದಿಗೂ ಆಸರೆ ಕೊಡಿ. 40×5 ಮಿ.ಮೀ. ಪಟ್ಟಿಯನ್ನು ಬಾಗಿಸಿ ಕಂಬಕ್ಕೆ ಬೆಸೆದು, ಪಿನ್ನಿನ ಆಚೆ ತುದಿ ಅದರ ತೂತಿನಲ್ಲಿ ಕೂರುವಂತೆ ಮಾಡಿ. ಒತ್ತಡ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.

ಕೆಳಗಿನ ಕೀಲಿನಲ್ಲಿ ಕೈಗಳು ಮೇಲಕ್ಕೆ ಹೋಗುವುದರಿಂದ ಪಟ್ಟಿ ಕೆಳಗಿನಿಂದ ಬರಬೇಕು. ಸ್ಲೈಡರಿನಲ್ಲಿ ಕೈಗಳು ಕೆಳಕ್ಕೆ ಇಳಿಯುವುದರಿಂದ ಪಟ್ಟಿ ಮೇಲಿನಿಂದ ಬರಬೇಕು. ಪಟ್ಟಿಯ ಅಡ್ಡಭಾಗ ಪಿನ್ನಿನ ನಡುವಿನಿಂದ ಕನಿಷ್ಠ 32 ಮಿ.ಮೀ. ದೂರವಿರಲಿ. ಕೈ ತಿರುಗುವಾಗ ಅದರ ತುದಿಯ ಮೂಲೆ 28 ಮಿ.ಮೀ. ತ್ರಿಜ್ಯದ ವೃತ್ತ ಬರೆಯುತ್ತದೆ, 25 ಎಂದು ಲೆಕ್ಕ ಹಾಕಿದವರ ಚಪ್ಪರ ಅರ್ಧ ತೆರೆದು ನಿಂತುಬಿಡುತ್ತದೆ.

ಪಿನ್ನಿನ ಒಳತುದಿ ಕೂರಲು ಕಂಬಕ್ಕೂ ಸ್ಲೈಡರಿಗೂ 12 ಮಿ.ಮೀ. ದಪ್ಪದ ತುಂಡು ಬೆಸೆಯಿರಿ, ಅದರಲ್ಲಿ 10 ಮಿ.ಮೀ. ತೂತು. ಸ್ಲೈಡರಿನ ಒಳಗೆ ಕಂಬ ಜಾರುವುದರಿಂದ ಬೋಲ್ಟು ಆರಪಾರ ಹಾಯಿಸುವ ಹಾಗಿಲ್ಲ, ತುಂಡು ಇದಕ್ಕಾಗಿಯೇ. ತುಂಡಿಗೂ ಹೊರಪಟ್ಟಿಗೂ ನಡುವೆ 66 ಮಿ.ಮೀ. ಇರಲಿ: ಕೈಗಳಿಗೆ 58, ಉಳಿದದ್ದರಲ್ಲಿ ಒಂದು ವಾಷರ್, ಒಂದು ಸ್ಪ್ಲಿಟ್ ಪಿನ್ (ತೂತಿಗೆ ತೂರಿಸಿ ಕಾಲು ಬಗ್ಗಿಸುವ ಸಣ್ಣ ಪಿನ್ನು). 10 ಮಿ.ಮೀ. ಇ.ಎನ್. 8 ಎಂಬ ಗಟ್ಟಿ ಉಕ್ಕಿನ ಬ್ರೈಟ್ ಸರಳಿನಿಂದ 88 ಮಿ.ಮೀ. ಉದ್ದಕ್ಕೆ 28 ಪಿನ್ನು ಕತ್ತರಿಸಿ. ಸ್ಪ್ಲಿಟ್ ಪಿನ್ನಿನ 3 ಮಿ.ಮೀ. ತೂತು ಹೊರಪಟ್ಟಿಯ ಒಳಮಗ್ಗುಲಿಗೆ ಬರಬೇಕು. ಆಗ ಪಿನ್ನು ಹೊರಕ್ಕೂ ಜಾರದು, ಒಳಕ್ಕೂ ಹೋಗದು, ಬಿಚ್ಚಲು ಪಾನಾ ಬೇಡ, ಒಂದು ಇಕ್ಕಳ ಸಾಕು. ಕೊನೆಯ ನಾಲ್ಕು ಕಂಬಗಳಲ್ಲಿ ಪಿನ್ನಿಗೆ ಒಂದೇ ಕೈ. ಖಾಲಿ ಜಾಗಕ್ಕೆ 29 ಮಿ.ಮೀ. ಉದ್ದದ ಕೊಳವೆ ತುಂಡು ತುಂಬಿ. ಇಂಥವು 8.

ಸ್ಲೈಡರಿಗೆ 50×50×2 ಪೈಪಿನ ತುಂಡು, ಒಳಗಿನ ನಾಲ್ಕು ಮೈಗೂ 2.5 ಮಿ.ಮೀ. ಪ್ಲಾಸ್ಟಿಕ್ ಪಟ್ಟಿ. ಉದ್ದದಲ್ಲಿ ಜಿಪುಣತನ ಬೇಡ, 120 ಮಿ.ಮೀ. ಇರಲಿ. ಭಾರ ಬೀಳುವುದು ಕಂಬದ ನಡುವಿನಿಂದ ಸುಮಾರು 66 ಮಿ.ಮೀ. ಹೊರಗೆ. ಸ್ಲೈಡರಿನ ಉದ್ದವನ್ನು ಘರ್ಷಣೆಯ ಅಂಕೆಯ ಎರಡರಷ್ಟರಿಂದ ಭಾಗಿಸಿದರೆ ಬರುವ ಅಳತೆಯೊಳಗೆ ಈ ಅಂತರ ಇರಬೇಕು, ಮೀರಿದರೆ ಕಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಘರ್ಷಣೆ 0.5 ಎಂದು ಹಿಡಿದರೆ 60 ಮಿ.ಮೀ. ಸ್ಲೈಡರಿನ ಮಿತಿ 60, ಅದು ಕಚ್ಚುತ್ತದೆ. 120 ಇದ್ದರೆ ಕಚ್ಚದು. ಹಳೇ ಮೇಜಿನ ಗಿಡ್ಡ ಡ್ರಾಯರು ಒಂದು ಮೂಲೆ ಹಿಡಿದೆಳೆದರೆ ಸಿಕ್ಕಿಕೊಳ್ಳುವುದೂ ಇದೇ ಕಾರಣಕ್ಕೆ.

ಜೋಡಿಸುವ ಕ್ರಮ

ಆರೂ ಅಂಕಣ ಒಟ್ಟಿಗೆ ಕಟ್ಟಬೇಡಿ. ಸಮ ನೆಲದಲ್ಲಿ ಒಂದು ಅಂಕಣ ಮಾತ್ರ ಜೋಡಿಸಿ, 1500ಕ್ಕೆ ತೆರೆದು ಕಂಬಗಳ ಅಂತರವನ್ನು ಕೆಳಗೂ ಸ್ಲೈಡರಿನ ಎತ್ತರದಲ್ಲೂ ಅಳೆಯಿರಿ, 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮುಂದೆ ಹೋಗಬೇಡಿ. ಇಪ್ಪತ್ತು ಸಲ ತೆರೆದು ಮುಚ್ಚಿ. ಆಮೇಲೆ ಪಿನ್ನು ತೆಗೆದು ನೋಡಿ. ಸುತ್ತಲೂ ಒಂದೇ ಹೊಳಪಿದ್ದರೆ ಸರಿ. ಒಂದೇ ತುದಿಯಲ್ಲಿ ಗೀರು ಬಿದ್ದಿದ್ದರೆ ಹೊರಪಟ್ಟಿಯ ತೂತೂ ಒಳತುಂಡಿನ ತೂತೂ ಒಂದೇ ಸಾಲಿನಲ್ಲಿಲ್ಲ. ಇದಾಗದಂತೆ ಪಟ್ಟಿ ಬೆಸೆಯುವಾಗಲೇ 66 ಮಿ.ಮೀ. ಉದ್ದದ ಕೊಳವೆಯನ್ನು ನಡುವೆ ಇಟ್ಟು, ಆರಪಾರ ಪಿನ್ನು ತೂರಿಸಿಕೊಂಡೇ ಬೆಸೆಯಿರಿ.

ಚಕ್ರಕ್ಕೆ ಸ್ಲೈಡಿಂಗ್ ಗೇಟಿನ ವಿ-ಗ್ರೂವ್ ಚಕ್ರ, ಕೆಳಗೆ ಮಗುಚಿ ಹೂತ ಆಂಗಲ್ ಹಳಿ. ಇದು ಒಂದು ಬದಿಗೆ ಮಾತ್ರ. ಇನ್ನೊಂದು ಬದಿಗೆ ಸಾದಾ ಚಪ್ಪಟೆ ಚಕ್ರ, ಸಿಮೆಂಟಿನ ಪಟ್ಟಿ. ಎರಡೂ ಕಡೆ ವಿ-ಗ್ರೂವ್ ಹಾಕಿದರೆ ಹಳಿಗಳ ಅಂತರದಲ್ಲಿ ಕಡ್ಡಿಯಷ್ಟು ತಪ್ಪಾದರೂ ಚೌಕಟ್ಟು ತಿರುಚಿಕೊಂಡು ಕೀಲಿನ ಮೇಲೆ ಬೀಳುತ್ತದೆ. ಸಗಣಿ ಸಾರಿಸಿದ ಮಣ್ಣಿನ ಅಂಗಳದಲ್ಲಿ ಚಕ್ರ ಹೂತುಕೊಳ್ಳುವುದರಿಂದ ಪಟ್ಟಿ ಬೇಕೇ ಬೇಕು.

ಮಡಚುವುದಕ್ಕೆ ಎಷ್ಟು ಬಲ ಬೇಕು ಎಂಬುದೂ ಒಂದು ಒಳ್ಳೆಯ ಪರೀಕ್ಷೆ. ಪೂರ್ತಿ ತೆರೆದ ಸ್ಥಿತಿಯಿಂದ ಒಂದು ತುದಿಯನ್ನು ಒಳಕ್ಕೆ ದೂಡಲು ಕೈಗಳನ್ನೂ ಸ್ಲೈಡರುಗಳನ್ನೂ ಎತ್ತುವ ಕೆಲಸಕ್ಕೆ ಲೆಕ್ಕದಲ್ಲಿ ಬರುವುದು ಸುಮಾರು 9 ಕಿಲೊ ಬಲ, ಚಕ್ರದ ಎಳೆತ ಬೇರೆ. ಇಬ್ಬರು ಹೆಂಗಸರು ಮಾತಾಡುತ್ತಲೇ ದೂಡಬಹುದು. ನಾಲ್ಕು ಜನ ಹೆಗಲು ಕೊಡಬೇಕಾಯಿತೆಂದರೆ ತಪ್ಪು ಭಾರದ್ದಲ್ಲ, ಎಲ್ಲೋ ಕೀಲು ಸಿಕ್ಕಿಕೊಂಡಿದೆ, ಇಲ್ಲವೇ ಒಂದೇ ಬದಿ ಹಿಡಿದು ದೂಡುತ್ತಿದ್ದಾರೆ. ಮೊದಲ ಚೌಕಟ್ಟಿಗೆ ಸೊಂಟದ ಎತ್ತರದಲ್ಲಿ ಅಡ್ಡಪೈಪೊಂದನ್ನು ಕಟ್ಟಿ, ಅದನ್ನು ಹಿಡಿದೇ ದೂಡಲಿ. ಕತ್ತರಿಯ ಕೈಯನ್ನಂತೂ ಯಾರೂ ಹಿಡಿಯಬಾರದು. ಅಡಕತ್ತರಿಗೆ ಅಡಿಕೆಯೂ ಬೆರಳೂ ಒಂದೇ, ಮಕ್ಕಳನ್ನು ದೂರವಿಡಿ.

ತೆರೆದ ಮೇಲೆ ಲಾಕ್. ಒಂದು ಸ್ಲೈಡರನ್ನು ಕಂಬಕ್ಕೆ ಪಿನ್ನು ಹಾಕಿ ನಿಲ್ಲಿಸಿದರೆ ಇಡೀ ಸಾಲು ನಿಲ್ಲಬೇಕು, ಕಾಗದದ ಮೇಲೆ. ಪ್ರತಿ ಕೀಲಿನಲ್ಲೂ 1 ಮಿ.ಮೀ. ಸಡಿಲ ಸೇರಿದರೆ ಒಂದು ತುದಿ ನಿಂತಿದ್ದರೂ ಇನ್ನೊಂದು ತುದಿ ಒಂದೂವರೆ ಎರಡು ಸೆಂಟಿಮೀಟರ್ ಆಡುತ್ತದೆ. ಎರಡೂ ಬದಿಗಳಲ್ಲಿ ಮೊದಲ, ನಡುವಿನ, ಕೊನೆಯ ಕಂಬಗಳಿಗೆ ಲಾಕ್ ಇಡಿ, ಒಟ್ಟು ಆರು. ಗಾಳಿಯ ಲೆಕ್ಕವನ್ನೂ ಮರೆಯಬೇಡಿ. ಗಂಟೆಗೆ 54 ಕಿ.ಮೀ. ಗಾಳಿ ಚದರ ಮೀಟರಿಗೆ 135 ನ್ಯೂಟನ್ ಒತ್ತುತ್ತದೆ; 45 ಚದರ ಮೀಟರ್ ಮಾಡನ್ನು ಅದು ಎತ್ತಲು ಹೊರಟರೆ 600 ಕಿಲೊ ದಾಟುತ್ತದೆ, ಕಂಬವೊಂದಕ್ಕೆ 44. ಪ್ರತಿ ಕಂಬದ ಪಕ್ಕ ಕಾಂಕ್ರೀಟಿನಲ್ಲಿ ಹೂತ ಕೊಂಡಿ, ಅದಕ್ಕೆ ಹಗ್ಗವಲ್ಲ, ಸರಪಳಿ. ಅದಕ್ಕಿಂತ ಜೋರು ಗಾಳಿಯ ಸೂಚನೆಯಿದ್ದರೆ ಅಡಿಕೆ ಬಾಚಿ ಒಳಗಿಟ್ಟು ಚಪ್ಪರ ಮಡಚುವುದೇ ಸರಿ.

ಹಾಳೆಯನ್ನು ಪ್ರತಿ ಚೌಕಟ್ಟಿಗೂ ಕಟ್ಟಿ, ಕತ್ತರಿಗಳಿಂದ 60 ಮಿ.ಮೀ. ಒಳಗೆ ಇರಲಿ, ಮಡಚುವಾಗ ಸಡಿಲ ಹಾಳೆ ಕೀಲಿಗೆ ಸಿಕ್ಕಿದರೆ ಹರಿಯುವುದು ಹಾಳೆಯೇ.

ಮೇ ಕೊನೆಗೆ ಬಿಚ್ಚುವಾಗ ಅಂಕಣಕ್ಕೊಂದರಂತೆ ಸಂಖ್ಯೆ ಕೆತ್ತಿ, ಒಳಪದರದ ಕೈಗೆ ಒಂದು ಬಣ್ಣ ಬಳಿಯಿರಿ. ಕೈಗಳ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಕೆಳತುದಿಯ ಹತ್ತಿರ 5 ಮಿ.ಮೀ. ತೂತೊಂದನ್ನು ಬಿಡಿ. ಈ ಒಂದು ತೂತು ಕೆಳಮೈಯಲ್ಲೇ ಇರಲಿ, ತುದಿಯಲ್ಲಿ ಬಾಗುವ ಒತ್ತಡವಿಲ್ಲ. ಪೈಪಿನೊಳಗೆ ನಿಂತ ಮಳೆನೀರು ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಿಂದುಹಾಕುತ್ತದೆ. 28 ಪಿನ್ನುಗಳನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ ಡಬ್ಬಿಗೆ ಹಾಕಿ. ಅಕ್ಟೋಬರಿನಲ್ಲಿ ಜೋಡಿಸುವ ಮುಂಚೆ ಎಣ್ಣೆ ಒರೆಸಿ ತೆಗೆಯಿರಿ. ಸ್ಪ್ಲಿಟ್ ಪಿನ್ನುಗಳನ್ನು ಮಾತ್ರ ಹೊಸದಾಗಿ ತನ್ನಿ, ಒಮ್ಮೆ ಬಗ್ಗಿಸಿ ನೇರ ಮಾಡಿದ್ದು ಎರಡನೇ ಸಲಕ್ಕೆ ಮುರಿಯುತ್ತದೆ.